ನೀರು ಇಳಿಯುವ ದಾರಿಯಲ್ಲಿ ಒಂದು ಕೋಣೆ

ಬೆಂಗಳೂರಿನಲ್ಲಿರುವ ಅಕ್ಕನ ಮಗ ಹೋದ ವಾರ ಫೋನ್ ಮಾಡಿದ್ದ. ದಸರಾ ರಜೆಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹಂಪಿಗೆ ಹೊರಟಿದ್ದಾನೆ. ಹೊಸಪೇಟೆಯ ಹೆದ್ದಾರಿ ಚಿತ್ರದುರ್ಗದಲ್ಲೇ ಕವಲೊಡೆಯುವುದರಿಂದ ಕೋಟೆಯನ್ನೂ ನೋಡಿಕೊಂಡು ಹೋಗುವ ಯೋಚನೆ. "ಚಿಕ್ಕಮ್ಮ, ದುರ್ಗಕ್ಕೆ ಎಷ್ಟು ಗಂಟೆ ಇಟ್ಟುಕೊಂಡರೆ ಸಾಕು?" ಎಂದು ಕೇಳಿದ. "ಎರಡು ರಾತ್ರಿ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, "ಕೋಟೆ ಬಿಟ್ಟರೆ ಅಲ್ಲಿ ಇನ್ನೇನಿದೆ ಚಿಕ್ಕಮ್ಮ?" ಎಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆದರೆ ಆ ಮಾತು ಮನಸ್ಸಿನಿಂದ ಹೋಗಲೂ ಇಲ್ಲ. ಒಗ್ಗರಣೆ ಹಾಕುವಾಗ, ಬಟ್ಟೆ ಮಡಚುವಾಗ, ರಾತ್ರಿ ಬಾಗಿಲ ಚಿಲಕ ಹಾಕುವಾಗ ಅದೇ ಪ್ರಶ್ನೆ ಎದ್ದು ಬರುತ್ತಿತ್ತು. ಅವನಿಗೆ ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ದುರ್ಗದಲ್ಲಿ, ಮದುವೆಯಾಗಿ ಬಂದದ್ದು ದಾವಣಗೆರೆಗೆ. ನಡುವೆ ಅರವತ್ತು ಕಿಲೋಮೀಟರ್. ಪರಿಚಯದವರು ಯಾರೇ ದುರ್ಗಕ್ಕೆ ಹೊರಟರೂ ನನ್ನನ್ನು ಒಂದು ಮಾತು ಕೇಳುತ್ತಾರೆ. ಕೇಳುವುದೆಲ್ಲ ಗಂಟೆಯ ಲೆಕ್ಕ. ಎಲ್ಲಿ ಉಳಿಯಬೇಕು ಎಂದು ಕೇಳಿದವರು ಇಷ್ಟು ವರ್ಷಗಳಲ್ಲಿ ಇಬ್ಬರೋ ಮೂವರೋ. ಬೆಂಗಳೂರಿನಿಂದ ಇನ್ನೂರು ಕಿಲೋಮೀಟರ್ ಇದ್ದದ್ದೇ ದುರ್ಗಕ್ಕೆ ತೊಡಕಾಗಿದೆ ಎಂದು ನನಗೆ ಅನ್ನಿಸುತ್ತದೆ. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಹನ್ನೊಂದಕ್ಕೆ ಕೋಟೆಯ ಬಾಗಿಲಲ್ಲಿರುತ್ತಾರೆ. ಎರಡು ಗಂಟೆಗೆ ಇಳಿದು, ಊಟ ಮುಗಿಸಿ, ಮುಂದಿನ ಊರಿಗೆ ಹೊರಡುತ್ತಾರೆ. ಹನ್ನೊಂದರಿಂದ ಎರಡು ಎಂದರೆ ಬಂಡೆ ಕಾದ ಹೆಂಚಿನಂತೆ ಆಗುವ ಹೊತ್ತು. ಕಣ್ಣು ಬಿಡಲಾಗುವುದಿಲ್ಲ, ಕಾಲು ಮುಂದೆ ಹೋಗುವುದಿಲ್ಲ, ಮಕ್ಕಳು ನೀರು ನೀರು ಎನ್ನುತ್ತವೆ. ಆ ಮೂರು ಗಂಟೆಯಲ್ಲಿ ಕಂಡದ್ದನ್ನೇ ದುರ್ಗವೆಂದುಕೊಂಡು ಹೋದವರು ಎಷ್ಟು ಮಂದಿಯೋ!

ತವರೂರಿನಲ್ಲಿ ಬಾಡಿಗೆ ಕೋಣೆ

ಅಪ್ಪ ಹೋದ ಮೇಲೆ ಸಂತೆಪೇಟೆಯ ಕಡೆಗಿದ್ದ ನಮ್ಮ ಮನೆಯನ್ನು ಮಾರಿದೆವು. ಅದಾಗಿ ಮೂರು ವರ್ಷಕ್ಕೆ ದುರ್ಗದಲ್ಲಿ ಹತ್ತಿರದವರ ಮದುವೆ ಬಂತು. ಬೆಳಿಗ್ಗೆ ಬೇಗ ಮುಹೂರ್ತ, ಹಿಂದಿನ ರಾತ್ರಿ ಅಲ್ಲೇ ಇರಬೇಕು. ಹುಟ್ಟಿದ ಊರಿನಲ್ಲಿ ಮಲಗಲು ಜಾಗ ಹುಡುಕಿದ್ದು ಅದೇ ಮೊದಲು. ಮಕ್ಕಳು ಮೊಬೈಲಿನಲ್ಲಿ ಚಿತ್ರ ನೋಡಿ, ಕಾರು ನಿಲ್ಲಿಸಲು ಜಾಗವಿದೆ ಎಂದು, ಊರಾಚೆ ಹೆದ್ದಾರಿಯ ಪಕ್ಕದಲ್ಲಿ ಕೋಣೆ ಕಾಯ್ದಿರಿಸಿದರು. ಕೋಣೆ ಚೊಕ್ಕಟವಾಗಿತ್ತು, ಬಿಸಿನೀರು ಬರುತ್ತಿತ್ತು, ಹಾಸಿಗೆಯ ಮೇಲೆ ಬಿಳಿಯ ಹೊದಿಕೆ. ದೂರುವಂಥದ್ದು ಏನೂ ಇರಲಿಲ್ಲ. ಪರದೆ ಸರಿಸಿದರೆ ಸಾಲು ಲಾರಿಗಳು. ನೀರಿನ ಬಾಟಲಿ ತಂದುಕೊಟ್ಟ ಹುಡುಗನನ್ನು "ಕೋಟೆ ಯಾವ ಕಡೆಗಿದೆಯಪ್ಪ?" ಎಂದು ಕೇಳಿದೆ. ಅವನು ಬಾಗಿಲಲ್ಲಿ ನಿಂತು ಯೋಚಿಸಿದ. ಕೆಳಗೆ ಹೋಗಿ ಕೇಳಿಕೊಂಡು ಬಂದು, "ಈ ಹಿಂದುಗಡೆ ಅಮ್ಮ, ಇಲ್ಲಿಂದ ಕಾಣುವುದಿಲ್ಲ" ಎಂದ.

ಆ ರಾತ್ರಿ ನಿದ್ದೆ ಬರಲಿಲ್ಲ. ಲಾರಿಗಳ ಸದ್ದು ಒಂದು ಕಾರಣ. ಇನ್ನೊಂದು ಕಾರಣ, ದುರ್ಗದಲ್ಲಿದ್ದೂ ದುರ್ಗದಲ್ಲಿಲ್ಲ ಎಂಬ ಸಂಕಟ. ನಮ್ಮ ಮನೆಯ ಹಿತ್ತಿಲ ಬಾಗಿಲು ತೆರೆದರೆ ಬಂಡೆ ಕಾಣುತ್ತಿತ್ತು. ಮಳೆ ಬರುವ ಮೊದಲು ಅದರ ಬಣ್ಣ ಕಪ್ಪಾಗುತ್ತಿತ್ತು, ಅದನ್ನು ನೋಡಿಯೇ ಅಮ್ಮ ಹಪ್ಪಳ ಎತ್ತಿಡುತ್ತಿದ್ದಳು. ಬೆಳಿಗ್ಗೆ ಆಟೋದಲ್ಲಿ ಮದುವೆ ಮಂಟಪಕ್ಕೆ ಹೋದೆವು, ಊಟ ಮಾಡಿದೆವು, ಹಾಗೆಯೇ ದಾವಣಗೆರೆಗೆ ಮರಳಿದೆವು. ದಾರಿಯುದ್ದಕ್ಕೂ ನಾನು ಮಾತನಾಡಲಿಲ್ಲ. ಮಲಗುವ ಜಾಗ ತಪ್ಪಿದರೆ ನೋಡುವ ಊರೂ ತಪ್ಪುತ್ತದೆ ಎಂದು ಅಂದೇ ನನಗೆ ಮನವರಿಕೆಯಾಯಿತು.

ಅಜ್ಜಿಯ ಎರಡು ಕೊಡ

ನಾನು ಚಿಕ್ಕವಳಿದ್ದಾಗ ಮನೆಯ ಬಾವಿಯ ನೀರು ಸವಳು. ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ. ಅಡುಗೆಗೆ, ಕುಡಿಯಲು ಸಿಹಿನೀರು ಹೊಂಡದಿಂದಲೇ ತರಬೇಕು. ಅಜ್ಜಿ ತಲೆಯ ಮೇಲೆ ಸಿಂಬಿ ಇಟ್ಟು ಒಂದು ಕೊಡ, ಸೊಂಟದಲ್ಲಿ ಒಂದು ಕೊಡ ಹೊತ್ತು ಬರುತ್ತಿದ್ದಳು. ಹಿಂದೆ ನನ್ನದೊಂದು ಚಿಕ್ಕ ತಂಬಿಗೆ. ಹೊಂಡದ ಮೆಟ್ಟಿಲುಗಳು ನಡುವೆ ಸವೆದು ತಗ್ಗಾಗಿದ್ದವು. ಆ ತಗ್ಗಿನಲ್ಲೇ ಪಾದ ಇಟ್ಟರೆ ಜಾರುವುದಿಲ್ಲ ಎಂದು ಅಜ್ಜಿ ತೋರಿಸಿಕೊಟ್ಟಿದ್ದಳು. ಕೊಡ ಮುಳುಗಿಸುವ ಮೊದಲು ಅಂಗೈಯಿಂದ ನೀರಿನ ಮೇಲ್ಮೈಯನ್ನು ಎರಡು ಸಲ ಆಚೆಗೆ ಸರಿಸುತ್ತಿದ್ದಳು, ಕಸಕಡ್ಡಿ ದೂರ ಹೋಗಲೆಂದು. "ಇದು ಅಕ್ಕ ತಂಗಿಯರು ಕಳಿಸಿದ ನೀರು, ಚೆಲ್ಲಬೇಡ" ಎನ್ನುತ್ತಿದ್ದಳು. ಯಾರೋ ಇಬ್ಬರು ಹೆಂಗಸರು ಬೆಟ್ಟದ ಮೇಲೆ ಕುಳಿತು ನಮಗಾಗಿ ನೀರು ಬಗ್ಗಿಸುತ್ತಿದ್ದಾರೆ ಎಂದೇ ನಾನು ಬಹಳ ದಿನ ನಂಬಿದ್ದೆ.

ಅದು ಏನೆಂದು ತಿಳಿದದ್ದು ಒಂದು ಮಳೆಗಾಲದ ಭಾನುವಾರ. ಅಪ್ಪ ನನ್ನನ್ನೂ ಅಕ್ಕನನ್ನೂ ಕೋಟೆಯ ಮೇಲಕ್ಕೆ ಕರೆದುಕೊಂಡು ಹೋದರು. ಎಲ್ಲರೂ ಮೊದಲು ತೋರಿಸುವ ಗುಡಿಗಳನ್ನು ಬಿಟ್ಟು ನೇರ ಗೋಪಾಲಸ್ವಾಮಿ ಹೊಂಡದ ದಂಡೆಗೆ ಒಯ್ದರು. ಸುತ್ತಲಿನ ಬಂಡೆಗಳ ಮೇಲೆ ಬಿದ್ದ ಮಳೆಯೆಲ್ಲ ಅಲ್ಲಿಗೆ ಬರುತ್ತದೆ. ಅದು ತುಂಬಿದರೆ ಕೋಡಿ ಬಿದ್ದ ನೀರು ಕೆಳಗಿನ ಅಕ್ಕ ತಂಗಿ ಹೊಂಡಕ್ಕೆ. ಅದೂ ತುಂಬಿದರೆ ಬೆಟ್ಟ ಇಳಿದು ಊರಿನ ಸಿಹಿನೀರು ಹೊಂಡಕ್ಕೆ. ಅಲ್ಲಿಂದ ಸಂತೆ ಹೊಂಡಕ್ಕೆ, ಕೊನೆಗೆ ಊರಾಚೆಯ ಮಲ್ಲಾಪುರ ಕೆರೆಗೆ. ಮೇಲಿನವರ ಪಾತ್ರೆ ತುಂಬಿದ ಮೇಲೆ ಕೆಳಗಿನವರ ಪಾತ್ರೆಗೆ. ಒಂದು ಹನಿಯನ್ನೂ ಬೆಟ್ಟದಿಂದ ಸುಮ್ಮನೆ ಓಡಿಹೋಗಲು ಬಿಟ್ಟಿಲ್ಲ. "ಶತ್ರು ವರ್ಷಗಟ್ಟಲೆ ಸುತ್ತುವರಿದು ಕೂತರೂ ಒಳಗಿದ್ದವರು ಬಾಯಾರಿ ಸಾಯಲಿಲ್ಲ" ಎಂದು ಅಪ್ಪ ಹೇಳಿದ್ದು ನೆನಪಿದೆ. ದುರ್ಗದ ಪಾಳೆಯಗಾರರಾದ ನಾಯಕರು ಇಲ್ಲಿ ಆಳಿದ್ದು 1568ರಿಂದ 1779ರವರೆಗೆ. ಹೈದರಾಲಿ ಬಾರಿ ಬಾರಿಗೂ ಬಂದು ಕೊನೆಗೆ ಗೆದ್ದ, ಮದಕರಿನಾಯಕನನ್ನು ಶ್ರೀರಂಗಪಟ್ಟಣಕ್ಕೆ ಒಯ್ದ. ಕಲ್ಲಿನ ಏಳು ಸುತ್ತಿನ ಬಗ್ಗೆ ಎಲ್ಲರೂ ಹೇಳುತ್ತಾರೆ, ಈ ನೀರಿನ ಸರಪಳಿಯ ಬಗ್ಗೆ ಹೇಳುವವರು ಕಡಿಮೆ.

ಇಳಿಯುವಾಗ ಅಪ್ಪ ನಮ್ಮನ್ನು ಓಬವ್ವನ ಕಿಂಡಿಯ ಹತ್ತಿರ ನಿಲ್ಲಿಸಿದರು. ಕಥೆ ಯಾರಿಗೆ ಗೊತ್ತಿಲ್ಲ? ಆದರೆ ಅಪ್ಪ ಒನಕೆಯಿಂದ ಶುರು ಮಾಡಲಿಲ್ಲ. "ಕಹಳೆಯ ಮುದ್ದಹನುಮ ಊಟಕ್ಕೆ ಕೂತಿದ್ದ, ಓಬವ್ವ ನೀರಿಗೆ ಹೋಗಿದ್ದಳು" ಎಂದು ಅಲ್ಲಿಂದ ಹೇಳಿದರು. ತಣ್ಣೀರು ದೋಣಿ ಅಲ್ಲೇ ಇದೆ. ಬೇಸಿಗೆಯಲ್ಲೂ ತಂಪಾಗಿರುವ ಆ ನೀರನ್ನು ಕೈಯಲ್ಲಿ ಮುಟ್ಟಿಸಿ ಆಮೇಲೆ ಕಿಂಡಿಯನ್ನು ತೋರಿಸಿದರು. ಅಜ್ಜಿಯ ಹಾಗೆ ಕೊಡ ಹಿಡಿದು ಬಂದವಳು, ಗಂಡನ ಊಟದ ನಡುವೆ ನೀರು ಬೇಕಾಗುತ್ತದೆಂದು ಎದ್ದು ಬಂದವಳು. ಆ ಕ್ಷಣದಿಂದ ಓಬವ್ವ ನನಗೆ ಪಕ್ಕದ ಮನೆಯ ಹೆಂಗಸಾಗಿಬಿಟ್ಟಳು. ಈಗಲೂ ಅವಳ ಹೆಸರಿನ ವೃತ್ತದಲ್ಲಿ ಬಸ್ಸು ತಿರುಗುವಾಗ ಮೊದಲು ನೆನಪಾಗುವುದು ತಣ್ಣೀರು ದೋಣಿಯ ತಂಪು.

ಹಾಗಾದರೆ ಎಲ್ಲಿ ಉಳಿಯುವುದು?

ಇದಕ್ಕೆ ನನ್ನದು ಒಂದೇ ಉತ್ತರ: ಆ ನೀರು ಇಳಿಯುವ ದಾರಿಗೆ ಆದಷ್ಟು ಹತ್ತಿರ. ಕೋಟೆಯ ಎದುರಿಗೇ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲಿದೆ. ಬಾಗಿಲು ದಾಟಿದರೆ ಕೋಟೆ. ಅಲ್ಲಿ ಸಿಗದಿದ್ದರೆ ಬಸ್ ನಿಲ್ದಾಣದ ಸುತ್ತ, ಬಿ.ಡಿ. ರಸ್ತೆಯಲ್ಲಿ ಹೋಟೆಲುಗಳೂ ಹಳೆಯ ಲಾಡ್ಜುಗಳೂ ಇವೆ. ಅಲ್ಲಿಂದಲೂ ಪೇಟೆಯೊಳಗೆ ನಡೆದೇ ಹೋಗಬಹುದು. ಕೋಣೆ ಕೇಳುವಾಗ ಇನ್ನೊಂದು ಮಾತು ಕೇಳಿ: ಪಡುವಣಕ್ಕೆ ಕಿಟಕಿಯಿದೆಯೇ? ಊರಿಗೆ ಕೋಟೆ ಪಡುವಣ ದಿಕ್ಕು. ಮೂಡಣದ ಬಿಸಿಲು ಮೊದಲು ಬೀಳುವುದು ಬೆಟ್ಟದ ನೆತ್ತಿಯ ಮೇಲೆ, ಆಮೇಲೆ ಬುರುಜು ಬುರುಜು ಇಳಿಯುತ್ತ ಬರುತ್ತದೆ. ಊರಿನ್ನೂ ನೆರಳಲ್ಲಿರುವಾಗ ಮೇಲೆ ಬಂಡೆ ಕೆಂಪಾಗುವ ಆ ಹತ್ತು ನಿಮಿಷಕ್ಕಾಗಿ ಹೆದ್ದಾರಿಯ ಹೋಟೆಲಿನ ಎಲ್ಲ ಸವಲತ್ತು ಬಿಡಬಹುದು.

ದಸರೆಯ ದಿನಗಳಲ್ಲಿ ಮುರುಘಾ ಮಠದ ಶರಣ ಸಂಸ್ಕೃತಿ ಉತ್ಸವ ಇರುತ್ತದೆ, ಮದುವೆಯ ತಿಂಗಳುಗಳಲ್ಲಂತೂ ಬೀಗರ ಕಡೆಯವರೇ ಕೋಣೆಗಳನ್ನೆಲ್ಲ ಹಿಡಿದಿರುತ್ತಾರೆ. ಮೊದಲೇ ಹೇಳಿಡಬೇಕು. ಪೇಟೆಯೊಳಗೆ ಕಾರಿಗೆ ಜಾಗ ಕಷ್ಟ ಎಂಬುದು ನಿಜ. ಕಾರನ್ನು ಒಂದು ಕಡೆ ನಿಲ್ಲಿಸಿ ಎರಡು ದಿನ ಅದನ್ನು ಮರೆತರೆ ಇನ್ನೂ ಒಳ್ಳೆಯದು.

ಮಗಳ ಜೊತೆ ಎರಡು ರಾತ್ರಿ

ಆ ಮದುವೆಯ ಮರುವರ್ಷ ಮಗಳನ್ನು ಕರೆದುಕೊಂಡು ಹೋಗಿ ಬೇಕೆಂದೇ ಎರಡು ರಾತ್ರಿ ಉಳಿದೆ. ಅವಳಿಗೆ ಆಗ ಹತ್ತೊಂಬತ್ತು. ದುರ್ಗವೆಂದರೆ ಅವಳಿಗೆ ಅಜ್ಜನ ಮನೆ, ಅದು ಮಾರಿಹೋದ ಮೇಲೆ ಅಲ್ಲಿ ಏನೂ ಉಳಿದಿಲ್ಲ ಎಂದುಕೊಂಡಿದ್ದಳು. ಸಂಜೆ ಇಳಿದವರೇ ಲಕ್ಷ್ಮೀ ಬಜಾರು, ಆನೆಬಾಗಿಲು, ದೊಡ್ಡಪೇಟೆ ಸುತ್ತಿದೆವು. ಉಚ್ಚಂಗಿಯಲ್ಲಮ್ಮನಿಗೆ ಕೈ ಮುಗಿದೆವು. ಬಾಣಲೆಯ ಪಕ್ಕ ನಿಂತು ಮಂಡಕ್ಕಿಯ ಜೊತೆ ಮೆಣಸಿನಕಾಯಿ ತಿಂದೆವು. (ದಾವಣಗೆರೆಯವರು ಮಂಡಕ್ಕಿ ಮೆಣಸಿನಕಾಯಿ ತಮ್ಮದೇ ಎನ್ನುತ್ತಾರೆ. ಮೂವತ್ತು ವರ್ಷ ಅಲ್ಲಿ ಬಾಳಿದವಳಾಗಿ ಹೇಳುತ್ತೇನೆ, ದುರ್ಗದ ಮೆಣಸಿನಕಾಯಿಯ ಖಾರಕ್ಕೆ ಬೇರೆಯದೇ ಹದವಿದೆ.) ಕತ್ತಲಾದ ಮೇಲೆ ಬೀದಿಯ ಕೊನೆಯಲ್ಲಿ ಬೆಟ್ಟ ಒಂದು ದೊಡ್ಡ ಕಪ್ಪಾಗಿ ನಿಂತಿತ್ತು. ಮಗಳು ಮಾತು ನಿಲ್ಲಿಸಿ ಅದನ್ನೇ ನೋಡಿದಳು.

ಬೆಳಿಗ್ಗೆ ಆರಕ್ಕೆ ಕೋಟೆಯ ಬಾಗಿಲಲ್ಲಿದ್ದೆವು. ಆ ಹೊತ್ತಿನಲ್ಲಿ ಅಲ್ಲಿರುವುದು ಊರಿನವರು: ಸ್ವೆಟರ್ ಹಾಕಿಕೊಂಡು ವಾಯುವಿಹಾರಕ್ಕೆ ಬಂದ ಹಿರಿಯರು, ಮೆಟ್ಟಿಲು ಓಡುವ ಹುಡುಗರು. ದಾರಿ ನೇರವಾಗಿಲ್ಲ, ಬಾಗಿಲಿನಿಂದ ಬಾಗಿಲಿಗೆ ಮುರಿದು ಮುರಿದು ಹೋಗುತ್ತದೆ. ಮುಂದೆ ಏನಿದೆಯೆಂದು ಬಂದವನಿಗೆ ತಿಳಿಯಬಾರದು ಎಂದೇ ಹಾಗೆ ಕಟ್ಟಿದ್ದು. ಮದ್ದು ಅರೆಯುತ್ತಿದ್ದ ಆಳೆತ್ತರದ ಬೀಸುವ ಕಲ್ಲುಗಳನ್ನು ನೋಡಿದೆವು. ಏಕನಾಥೇಶ್ವರಿಯ ಗುಡಿಯ ಮುಂದಿನ ಉಯ್ಯಾಲೆ ಕಂಬ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ ಎಲ್ಲ ಬಿಸಿಲೇರುವ ಮೊದಲೇ ಮುಗಿದವು. ಮಗಳು ಬಹಳ ಹೊತ್ತು ನಿಂತದ್ದು ಇವು ಯಾವುದರ ಮುಂದೆಯೂ ಅಲ್ಲ, ಅರಮನೆಯ ಮಣ್ಣಿನ ಗೋಡೆಗಳ ಮುಂದೆ. ಸುತ್ತಲೂ ಇಷ್ಟು ಕಲ್ಲಿದ್ದೂ ರಾಜನ ಮನೆ ಮಣ್ಣಿನದು ಎಂಬುದೇ ಅವಳಿಗೆ ಆಶ್ಚರ್ಯ. ಹತ್ತಿರ ಹೋಗಿ ನೋಡಿದರೆ ಆ ಗೋಡೆಯಲ್ಲಿ ಬೆಣಚುಕಲ್ಲಿನ ಚೂರುಗಳು ಹಲ್ಲಿನಂತೆ ಹೊರಗೆ ನಿಂತಿದ್ದವು. ಅವುಗಳ ಸುತ್ತಲಿನ ಮಣ್ಣನ್ನು ಮಳೆ ಕೊಂಚ ಕೊಂಚವಾಗಿ ತೆಗೆದುಕೊಂಡಿತ್ತು. ಬೆರಳು ತೂರುವಷ್ಟು ಸಣ್ಣ ಗೂಡುಗಳಲ್ಲಿ ಕಣಜದ ಹುಳುಗಳು ಓಡಾಡುತ್ತಿದ್ದವು. ಒಂದು ಕಡೆ ಗಾರೆ ಉಳಿದಿತ್ತು, ಕೈಯಗಲದಷ್ಟು, ನಯವಾಗಿ. "ಇನ್ನೂರು ವರ್ಷಕ್ಕಿಂತ ಹೆಚ್ಚು ಮಳೆಯಲ್ಲಿ ನಿಂತಿದೆಯಲ್ಲಮ್ಮ" ಎಂದಳು. ಮುಟ್ಟಬೇಕೆಂದು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಅಲ್ಲಿಂದ ಅಪ್ಪನ ದಾರಿ. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ತಣ್ಣೀರು ದೋಣಿ, ಕಿಂಡಿ. ಕೋಟೆಯಿಂದ ಹೊರಬಂದು ಸಿಹಿನೀರು ಹೊಂಡ. ಮೆಟ್ಟಿಲಿನ ತಗ್ಗುಗಳನ್ನು ಅವಳಿಗೆ ತೋರಿಸಿದೆ. ಈಗ ಅಲ್ಲಿಂದ ಕುಡಿಯಲು ನೀರು ಒಯ್ಯುವವರಿಲ್ಲ, ನಲ್ಲಿ ಬಂದಿದೆ. ಸಂತೆ ಹೊಂಡದ ನೀರು ಹಸಿರುಗಟ್ಟಿತ್ತು, ದಡದಲ್ಲಿ ಪ್ಲಾಸ್ಟಿಕ್ಕು ತೇಲುತ್ತಿತ್ತು. ಬೆಟ್ಟದ ಮೇಲೆ ಅಷ್ಟು ತಿಳಿಯಾಗಿ ಹೊರಟ ನೀರನ್ನು ಊರು ಹೀಗೆ ಬರಮಾಡಿಕೊಳ್ಳುವುದನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೂ ಪ್ರವಾಸಿಗರು ಅದನ್ನು ನೋಡಬೇಕೆಂದೇ ನನ್ನ ಆಸೆ. ನೋಡುವ ಕಣ್ಣುಗಳು ಹೆಚ್ಚಾದರೆ ಊರಿಗೂ ಅದರ ಮೇಲೆ ಗಮನ ಬಂದೀತು. ಒಂಬತ್ತೂವರೆಗೆ ಕೋಣೆಗೆ ಮರಳಿ ಸ್ನಾನ ಮಾಡಿ ತಿಂಡಿಗೆ ಕುಳಿತಾಗ, ಕಿಟಕಿಯ ಕೆಳಗೆ ಶಾಲಾ ಪ್ರವಾಸದ ಬಸ್ಸುಗಳು ಒಂದರ ಹಿಂದೆ ಒಂದು ಕೋಟೆಯ ಕಡೆ ಹೋಗುತ್ತಿದ್ದವು.

ನಡುಮಧ್ಯಾಹ್ನಕ್ಕೆ ರಂಗಯ್ಯನ ಬಾಗಿಲಿನ ವಸ್ತುಸಂಗ್ರಹಾಲಯ ಸರಿಯಾದ ಜಾಗ: ನೆರಳಿದೆ, ನೋಡುವುದೂ ಇದೆ. ಸಂಜೆ ಆಟೋ ಹಿಡಿದು ಊರ ಪಕ್ಕದ ಬೆಟ್ಟಗಳ ನಡುವಿನ ಚಂದ್ರವಳ್ಳಿಗೆ ಹೋದೆವು. ಎಲ್ಲರೂ ಅಂಕಲಿ ಮಠದ ಗವಿಯ ಕತ್ತಲೆಗೆ ಇಳಿಯುತ್ತಾರೆ, ನಾವೂ ಇಳಿದೆವು. ಟಾರ್ಚ್ ಹಿಡಿದು ದಾರಿ ತೋರಿಸುವವರಿಲ್ಲದೆ ಒಳಗೆ ಹೋಗಬಾರದು. ನನ್ನ ಮನಸ್ಸಿದ್ದದ್ದು ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ. ನಾಲ್ಕನೆಯ ಶತಮಾನದ ಮಯೂರಶರ್ಮನ ಶಾಸನ ಅಲ್ಲಿದೆ, ಪ್ರಾಕೃತ ಭಾಷೆಯಲ್ಲಿ. ಪಲ್ಲವರು, ಆಭೀರರು, ಪುನ್ನಾಟದವರು ಎಂದು ಅವನು ಗೆದ್ದವರ ಹೆಸರುಗಳೆಲ್ಲ ಇವೆ. ಆದರೆ ಶಾಸನ ಹುಟ್ಟಿದ್ದು ಬೇರೆ ಕಾರಣಕ್ಕೆ: ಅವನು ಕಟ್ಟಿಸಿದ ಒಂದು ಕೆರೆಯ ಸಲುವಾಗಿ. ಕದಂಬರ ಮೊದಲ ರಾಜ ಈ ಬೆಟ್ಟಗಳ ನಡುವೆ ನಿಂತು ಬಂಡೆಯ ಮೇಲೆ ಬರೆಸಿದ್ದು ತಾನು ನೀರು ನಿಲ್ಲಿಸಿದ್ದನ್ನು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದರು. ಈ ನೆಲದಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮಿನ ನಾಣ್ಯಗಳೂ ಸಿಕ್ಕಿವೆ. ಅಷ್ಟು ದೂರದ ವ್ಯಾಪಾರಿ ಇಲ್ಲಿಯವರೆಗೆ ಬಂದಿದ್ದರೆ, ಅವನೂ ಒಂದು ರಾತ್ರಿಯಲ್ಲ ಒಂದು ರಾತ್ರಿ ಇಲ್ಲಿ ಮಲಗಿದ್ದಾನು. ಕೆರೆಯ ದಂಡೆಯ ಮೇಲೆ ಮಗಳ ಜೊತೆ ಕುಳಿತು ನಾನು ಹಾಗೆಯೇ ಯೋಚಿಸುತ್ತಿದ್ದೆ.

ಎರಡನೆಯ ದಿನಕ್ಕೆ ಜೋಗಿಮಟ್ಟಿ ಬೆಟ್ಟವೂ ಆಗುತ್ತದೆ, ಗಾಳಿ ಚೆನ್ನಾಗಿದೆ, ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದು ಕಾಣುತ್ತದೆ. ನಾವು ಹಿರಿಯೂರಿನ ಕಡೆ ಮಾರಿಕಣಿವೆಗೆ ಹೋದೆವು. 1907ರಲ್ಲಿ ಮುಗಿದ ಅಲ್ಲಿನ ಅಣೆಕಟ್ಟು, ವಾಣಿ ವಿಲಾಸ ಸಾಗರ, 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ನಡುವೆ ಎಂಬತ್ತೊಂಬತ್ತು ವರ್ಷ. ಅಜ್ಜಿ ಹುಡುಗಿಯಾಗಿದ್ದಾಗ ಕಂಡದ್ದನ್ನು ಅಪ್ಪ ಜೀವಮಾನದಲ್ಲಿ ಕಾಣಲಿಲ್ಲ. ಬಯಲುಸೀಮೆಯವರಿಗೆ ನೀರು ಎಂದರೆ ಏನು ಎಂದು ಅಲ್ಲಿ ನಿಂತರೆ ಯಾರೂ ವಿವರಿಸಬೇಕಾಗಿಲ್ಲ.

ಇದನ್ನೆಲ್ಲ ಅಕ್ಕನ ಮಗನಿಗೆ ಒಂದೇ ಉಸಿರಿನಲ್ಲಿ ಹೇಳಲಾಗಲಿಲ್ಲ. ಹೇಳಲಾದದ್ದು ಇಷ್ಟೇ: "ಹನ್ನೊಂದಕ್ಕೆ ಬರಬೇಡಪ್ಪ. ಹಿಂದಿನ ಸಂಜೆಯೇ ಬಂದುಬಿಡು. ಪೇಟೆಯೊಳಗೆ, ಪಡುವಣಕ್ಕೆ ಕಿಟಕಿಯಿರುವ ಕೋಣೆ ಹಿಡಿ." ನಿನ್ನೆ ಮತ್ತೆ ಫೋನ್ ಮಾಡಿದ್ದ. ಎರಡು ರಾತ್ರಿ ಹೊಂದಲಿಲ್ಲವಂತೆ, ಒಂದು ರಾತ್ರಿಗೆ ಪೇಟೆಯೊಳಗೆ ಕೋಣೆ ಹಿಡಿದಿದ್ದಾನೆ, ಮೂರನೆಯ ಮಹಡಿ. "ಕಿಟಕಿ ಪಡುವಣಕ್ಕಿದೆಯೇ ಎಂದು ಕೇಳಿದೆ ಚಿಕ್ಕಮ್ಮ. ಅವರು ಹೊರಗೆ ಹೋಗಿ ನೋಡಿಕೊಂಡು ಬಂದು ಹೌದು ಎಂದರು" ಎಂದ. ನಾನೂ ಆ ದಿನ ನಸುಕಿನ ಬಸ್ಸಿಗೆ ಇಲ್ಲಿಂದ ಹೊರಡುತ್ತೇನೆ, ಆರಕ್ಕೆ ಕೋಟೆಯ ಬಾಗಿಲಲ್ಲಿ ಅವರನ್ನು ಸೇರಿಕೊಳ್ಳುತ್ತೇನೆ. ಅವನ ಚಿಕ್ಕ ಮಗಳಿಗೆ ಈಗ ಆರು ವರ್ಷ. ತಣ್ಣೀರು ದೋಣಿಯ ಹತ್ತಿರ ಅವಳ ಕೈ ಹಿಡಿದು ಇಳಿಸಬೇಕು. ಈ ಸಲ ಮಳೆ ಚೆನ್ನಾಗಿ ಬಂದಿದೆ, ಅಕ್ಕ ತಂಗಿ ಹೊಂಡ ಕೋಡಿ ಬಿದ್ದಿದೆಯೋ ಏನೋ.